ಅತ್ತಿ ಮರಕ್ಕೆ ಹೊಗೆ ಹಾಕಿದ ಕೇತಮ್ಮ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೇ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ, ಕಾಡಿನ ನಡುವೆ ನಾಲ್ಕು ಗುಡಿಸಲಿನ ಒಂದು ಹಾಡೀಲಿ ಕೇತಮ್ಮ ಅಂತ ಒಬ್ಬಳಿದ್ದಳಂತೆ. ಬಲು ಚೊಕ್ಕಟದವಳು, ಹೊಳೆ ನೀರನ್ನೂ ಮೂರು ಸಲ ಸೋಸಿ ಕುಡಿಯೋಳಂತೆ, ನಿನ್ನ ಹಾಗಲ್ಲ. ಅವಳ ಸೊಸೆ ಬೊಮ್ಮಿ ಬಸುರಿಯಾದಳಂತೆ. ಏನು ಕೊಟ್ಟರೂ ವಾಂತಿ. ದಿನದಿನಕ್ಕೂ ಸೊರಗಿ ಕಡ್ಡಿಯಾಗ್ತಾ, ಒಂದೇ ಒಂದು ಅತ್ತಿ ಹಣ್ಣು ಸಿಕ್ಕರೆ ಸಾಕು ಅತ್ತೆ ಅನ್ನೋಳಂತೆ. ಬಸುರಿ ಬಯಕೆ ತೀರಿಸದಿದ್ದರೆ ಹುಟ್ಟೋ ಮಗೂನ ಕಿವಿ ಸೋರತ್ತೆ ಅಂತಾರಲ್ಲ, ಕೇತಮ್ಮಂಗೆ ಅದೇ ಭಯ.

ಮನೆ ಮುಂದೇ ಅತ್ತಿ ಮರ, ಮೈತುಂಬ ಕಾಯಿ. ಆದರೆ ಬಿಡಿಸಿ ನೋಡಿದರೆ ಒಳಗೆ ನುಸಿಯಂತೆ. ಛೀ, ಇದನ್ನ ಬಸುರಿಗೆ ತಿನ್ನಿಸೋದಾ ಅಂತ ಬೇವಿನ ಸೊಪ್ಪು ಸುಟ್ಟು ಹೊಗೆ ಹಾಕಿದಳಂತೆ. ನುಸಿ ಹೋಯ್ತು, ಎಳೆಗಾಯೂ ಬಾಡಿ ಉದುರಿತಂತೆ. ಆಮೇಲೆ ಇನ್ನೊಂದು ಕೊಂಬೇಲಿ ಕಾಯಿ ಬಿಡ್ತು. ನುಸಿ ಒಳಗೆ ಹೋಗಬಾರದು ಅಂತ ಹಳೇ ಸೀರೆ ಹರಿದು, ಕೂಸಿಗೆ ಕುಲಾವಿ ಕಟ್ಟಿದ ಹಾಗೆ ಗೊಂಚಲಿಗೆಲ್ಲ ಕಟ್ಟಿದಳಂತೆ. ಅದೂ ಉದುರಿತು. ಹಣ್ಣಿಲ್ಲ ಅಂತ ಕರಿಮೂತಿ ಕೋತಿ ಮುಸುವ ಬರೋದು ಬಿಡ್ತು, ಅದು ಉದುರಿಸಿದ್ದನ್ನ ತಿನ್ನೋ ಜಿಂಕೆಯೂ ಬಿಡ್ತಂತೆ. ಊಂ ಅನ್ನು, ನಿದ್ದೆ ಬಂತಾ?

ಮೂರನೇ ಕೊಂಬೇಲಿ ಕಾಯಿ ಮೂಡಿದಾಗ ಕೇತಮ್ಮ ಮರಾನ ತಬ್ಬಿಕೊಂಡು ಅತ್ತುಬಿಟ್ಟಳಂತೆ. ಆಗ ಮರ ಬಾಯಿಬಿಟ್ಟಿತಂತೆ.

"ಅತ್ತಿ ಹೂವ ಕಂಡೋರಿಲ್ಲ ಅಂತೀರಲ್ಲ, ಅದು ಕಾಯೊಳಗೇ ಅರಳತ್ತೆ ಕಣೇ. ಅಲ್ಲಿಗೆ ಬರೋದು ಆ ನುಸಿ ಒಂದೇ. ಅದರ ಮರಿಗೆ ನಾನು ತೊಟ್ಟಿಲು, ನನ್ನ ಬಸುರಿಗೆ ಅದು ಸೂಲಗಿತ್ತಿ. ಸೂಲಗಿತ್ತೀನ ಓಡಿಸಿ ಮಗು ಕೇಳಿದರೆ ಎಲ್ಲಿಂದ ತರಲಿ?"

ಕೇತಮ್ಮಂಗೆ ನಾಚಿಕೆಯಾಯ್ತು. ಹೊಳೆ ದಾಟಿ, ಅದರಲ್ಲೂ ನುಸಿ ಅಂತ ಇಷ್ಟು ದಿನ ಮುಟ್ಟದಿದ್ದ ಆಚೆ ದಡದ ಅತ್ತಿ ಮರದಿಂದ ಇನ್ನೂ ಹಣ್ಣಾಗ್ತಿದ್ದ ಒಂದು ರೆಂಬೆ ಮುರಿದು ತಂದು, ತನ್ನ ಮರದ ಮೂರನೇ ಕೊಂಬೆಗೆ ಕಟ್ಟಿದಳಂತೆ. ಅದರೊಳಗಿಂದ ನುಸಿ ಹೊರಟು, ಎಳೆಗಾಯಿ ಹೊಕ್ಕವಂತೆ. ಆಮೇಲೆ ಕಾಯೆಲ್ಲ ಉಬ್ಬಿ ಕೆಂಪಗಾಗಿ, ಮುಸುವ, ಜಿಂಕೆ ಎಲ್ಲ ವಾಪಸ್ ಬಂದವಂತೆ.

ಬೊಮ್ಮಿ ಒಂದು ಹಣ್ಣು ಬಿಡಿಸಿದಳು. ಒಳಗೆ ನುಸಿ ಮಿಜಿಮಿಜಿ. ಹೆದರಿ ಅತ್ತೆ ಮುಖ ನೋಡಿದಳಂತೆ.

"ಮೆತ್ತಗೆ ಊದು ಮಗಳೇ," ಅಂದಳಂತೆ ಕೇತಮ್ಮ. "ಮೊದಲು ಅವರ ಮಕ್ಕಳು ಹೊರಡಲಿ, ಆಮೇಲೆ ನಮ್ಮ ಮಗು ಉಣ್ಣಲಿ."

ಬೊಮ್ಮಿ ಊದಿದಳು, ತಿಂದಳು, ಇನ್ನೊಂದು ಕೊಡಿ ಅಂದಳಂತೆ. ಆ ಬಸುರಿಯ ಹೊಟ್ಟೆ ತುಂಬಿತು, ನಮ್ಮ ಕತೆ ಮುಗೀತು. ಎಲ್ಲಿ, ಕಣ್ಣು ಮುಚ್ಚು ನೋಡೋಣ.