ಬೈರಕ್ಕನ ಮಾರು

ಕಲ್ಲಾರೆ ಕೆರೆಯ ಮೂಡಣ ದಂಡೆಯಲ್ಲಿ, ಏರಿ ಮುಗಿದು ಗುಡ್ಡ ಶುರುವಾಗುವ ಕಡೆ, ಆಳೆತ್ತರದ ಕರಿಬಂಡೆಯೊಂದು ಗೋಡೆಯಂತೆ ನಿಂತಿದೆ. ಅದರ ಮೈಮೇಲೆ ಎದೆಮಟ್ಟದಲ್ಲಿ ಎರಡು ಗೀರುಗಳಿವೆ. ಒಂದೊಂದರಲ್ಲೂ ಬೆರಳತುದಿ ಕೂರುತ್ತದೆ. ಟೇಪು ಹಿಡಿದು ನೋಡಿದರೆ ಒಂದರಿಂದ ಇನ್ನೊಂದಕ್ಕೆ ಐದು ಅಡಿಗೆ ಎರಡು ಬೆರಳು ಕಡಿಮೆ. ಬಂಡೆಯ ಎದುರಿಗೇ ಕೆರೆಯ ಅತಿ ಆಳದ ನೀರು, ನಡುಮಧ್ಯಾಹ್ನದಲ್ಲೂ ಕಪ್ಪಗಿರುತ್ತದೆ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಾಗ ಒಂದು ಬೆರಳತುದಿಯಿಂದ ಇನ್ನೊಂದರವರೆಗಿನ ಅಳತೆಗೆ ಮಾರು ಎಂದು ಹೆಸರು. ಈ ಬಂಡೆಯನ್ನು ಊರಿನವರು ಬೈರಕ್ಕನ ಮಾರು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ದಂಡೆಯಲ್ಲಿ ಬೆಸ್ತರ ನಾಲ್ಕೇ ಗುಡಿಸಲುಗಳಿದ್ದ ಕಾಲದಲ್ಲಿ, ಜವರ ಮತ್ತು ಬೈರಕ್ಕ ಎಂಬ ಗಂಡಹೆಂಡಿರು ಇಲ್ಲಿದ್ದರಂತೆ. ಚಳಿ ಬಿಟ್ಟು ನೀರು ಬೆಚ್ಚಗಾದ ಮೇಲೆ ಗೆಂಡೆಮೀನು ದಂಡೆಗೆ ಬರುತ್ತದೆ, ಆಗ ಯಾರ ಗಾಳಕ್ಕಾದರೂ ಬೀಳುತ್ತದೆ. ಅದಕ್ಕೆ ಹದಿನೈದು ದಿನ ಮೊದಲು ಮಾತ್ರ ಅದು ತಳದಲ್ಲೂ ಇರದೆ, ಮೇಲಕ್ಕೂ ಬಾರದೆ, ಆಳದ ನಡುನೀರಿನಲ್ಲಿ ಒಂದೇ ಮಟ್ಟದಲ್ಲಿ ಗುಂಪಾಗಿ ನಿಂತಿರುತ್ತದೆ. ಆ ಮಟ್ಟವನ್ನು ಹಿಡಿದವರು ಇವರಿಬ್ಬರೇ. ಬೈರಕ್ಕ ಕತ್ತಾಳೆನಾರಿನ ಹುರಿಗೆ ಮಾರಿಗೊಂದರಂತೆ ಗಂಟು ಹಾಕಿ ಕೊಡುತ್ತಿದ್ದಳು. ಹರಿಗೋಲಿನಲ್ಲಿ ಕುಳಿತ ಜವರ ಏಳನೆಯ ಗಂಟು ನೀರು ಮುಟ್ಟುವವರೆಗೆ ಹುರಿ ಇಳಿಸುತ್ತಿದ್ದ. ಗಂಟು ಹಾಕುವ ಹೊತ್ತಿಗೆ ಅವನು ಹರಿಗೋಲಿನ ತೂತು ಮುಚ್ಚುತ್ತ ಕೂತಿರುತ್ತಿದ್ದನೇ ಹೊರತು, ಅವಳು ಅಳೆಯುವುದನ್ನು ಒಂದು ದಿನವೂ ನಿಂತು ನೋಡಿದವನಲ್ಲ. ವರ್ಷದ ಮೊದಲ ಗೆಂಡೆಯ ತಲೆ ಅವಳ ಪಾಲು. ಅದನ್ನು ಚೀಪಿ ಮುಗಿಸುವ ತನಕ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಒಂದು ವರ್ಷ, ಮೀನಿನ ಕಾಲ ಆಗಷ್ಟೇ ಶುರುವಾಗಿದ್ದಾಗ, ಬೈರಕ್ಕ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಅವಳು ಗಂಟು ಹಾಕಿದ್ದ ಹುರಿಯನ್ನು ಜವರ ಅವಳ ಕೈಗೇ ಸುತ್ತಿ ಮಣ್ಣಿಗಿಟ್ಟ. ಆ ವರ್ಷ ಅವನು ನೀರಿಗಿಳಿಯಲಿಲ್ಲ. ಮರುವರ್ಷ ಅವಳ ಎಡೆಯ ದಿನ ಹತ್ತಿರ ಬಂದಾಗ, ಅವಳ ಮುಂದೆ ಮೊದಲ ಗೆಂಡೆಯನ್ನೇ ಇಡಬೇಕೆಂದು ಹೊಸ ಹುರಿ ಹೊಸೆದು, ತನ್ನ ಕೈ ಚಾಚಿ ಅಳೆದು, ಏಳು ಗಂಟು ಹಾಕಿಕೊಂಡು ಹೊರಟ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಹುರಿ ಅಲುಗಲಿಲ್ಲ. ಬೈರಕ್ಕನ ತಮ್ಮ ತಿಮ್ಮಯ್ಯ ದಂಡೆಯ ಮೇಲೆ ಕುಳಿತು ನಗುತ್ತಿದ್ದ.

"ಯಾಕ್ ಭಾವ, ಮೀನಿಗೆ ಮುನಿಸಾ? ಒಸಿ ಮ್ಯಾಲಕ್ಕಾದ್ರೂ ಎತ್ತಿ ನೋಡು."

"ನಿಮ್ಮಕ್ಕ ಏಳು ಅಂದವ್ಳೆ. ಏಳೇಯ."

"ಅವ್ಳಿದ್ದಾಗ ಒಂದ್ ಮಾತಾದ್ರೂ ಕೇಳಿದ್ಯಾ? ಈಗ ಕೇಳ್ತಾವ್ನೆ!"

ಕೆರೆ ತನ್ನನ್ನು ಬಿಟ್ಟಿತೆಂದೇ ಜವರನಿಗೆ ತೋರಿತು. ಬೈರಕ್ಕನೇ ಬೇಡವೆನ್ನುತ್ತಿದ್ದಾಳೋ ಏನೋ ಎಂಬ ಅಳುಕೂ ಹುಟ್ಟಿತು. ಎಡೆಗೆ ಇನ್ನೊಂದೇ ದಿನ ಉಳಿದಿತ್ತು. ಮೂರನೆಯ ದಿನ ಬಿಸಿಲೇರಿದಾಗ ಬರಿಗೈಯಲ್ಲಿ ದಂಡೆಗೆ ಬಂದವನು, ಒದ್ದೆ ಹುರಿಯನ್ನು ಒಣಹಾಕಲು ಈ ಬಂಡೆಗೆ ಬೆನ್ನು ಕೊಟ್ಟು ಕೈಗಳನ್ನು ಅಗಲಿಸಿದ. ಅಂಗೈ ಅಡಿಯಲ್ಲಿ ಏನೋ ತಡೆಯಿತು. ತಿರುಗಿ ನೋಡಿದರೆ, ಎಡಕ್ಕೊಂದು ಬಲಕ್ಕೊಂದು ಗೀರು. ಗಂಟು ಹಾಕುವಾಗೆಲ್ಲ ಬೈರಕ್ಕ ಇಲ್ಲಿಗೇ ಬೆನ್ನಾನಿಸಿ ನಿಲ್ಲುತ್ತಿದ್ದಳೆಂದು ಅವನಿಗೆ ಆಗ ಹೊಳೆಯಿತು. ತನ್ನ ಮಾರಿಗೆ ಸರಿಯಾಗಿ ಕಲ್ಲಿನಿಂದ ಉಜ್ಜಿ ಗುರುತು ಮಾಡಿಕೊಂಡಿದ್ದಳು. ಅವನ ಬೆರಳುಗಳು ಆ ಗುರುತುಗಳನ್ನು ದಾಟಿ ಎರಡು ಕಡೆಯೂ ಅರ್ಧರ್ಧ ಗೇಣು ಮುಂದಿದ್ದವು. ಮಾರಿಗೆ ಒಂದು ಗೇಣು ಹೆಚ್ಚಾದರೆ ಏಳು ಮಾರಿಗೆ ಏಳು ಗೇಣು. ಅವನ ಗಾಳ ಮೂರು ದಿನವೂ ಮೀನಿನ ಗುಂಪನ್ನು ದಾಟಿ ಅದರ ಕೆಳಗೇ ತೂಗುತ್ತಿತ್ತು.

ಅವನು ಬಹಳ ಹೊತ್ತು ಆ ಗೀರುಗಳ ನಡುವಿನ ಬಂಡೆಯನ್ನು ಸವರುತ್ತ ನಿಂತ. "ಇಷ್ಟೇ ಇದ್ದೆಯೇನೇ ನೀನು?" ಎಂದನಂತೆ. ತುಂಬಿದ ಕೊಡವನ್ನು ಸೊಂಟಕ್ಕಿಟ್ಟು ಈ ಏರಿ ಹತ್ತುತ್ತಿದ್ದವಳು, ಗಾಳಿಗೆ ಸಿಕ್ಕಿದ ಹರಿಗೋಲನ್ನು ಒಬ್ಬಳೇ ಎಳೆದು ನಿಲ್ಲಿಸುತ್ತಿದ್ದವಳು, ಅವನ ಕಣ್ಣಿಗೆ ಎಂದೂ ಚಿಕ್ಕವಳಾಗಿ ಕಂಡಿರಲಿಲ್ಲ. ಗಂಟುಗಳನ್ನೆಲ್ಲ ಬಿಚ್ಚಿದ. ಮೊಣಕೈ ಮಡಚಿ, ಬೆರಳತುದಿಗಳನ್ನು ಗೀರಿನೊಳಗಿಟ್ಟು, ಹೆಂಡತಿಯ ಅಳತೆಗೆ ತನ್ನ ಮೈಯನ್ನು ಕುಗ್ಗಿಸಿಕೊಂಡು, ಒಂದೊಂದಾಗಿ ಮತ್ತೆ ಏಳು ಗಂಟು ಹಾಕಿದ. ಹೊತ್ತು ಮುಳುಗುವ ಮುನ್ನ ಏಳನೆಯ ಗಂಟು ನೀರು ಮುಟ್ಟಿತು, ಹುರಿ ಬಿಗಿಯಿತು. ಮರುದಿನ ಎಡೆಯಲ್ಲಿ ಗೆಂಡೆಯ ತಲೆಯಿತ್ತು. ಅಷ್ಟೆಲ್ಲ ನಕ್ಕಿದ್ದ ತಿಮ್ಮಯ್ಯ ಅದನ್ನು ಕಂಡು ಗೋಡೆಯ ಕಡೆ ಮುಖ ತಿರುಗಿಸಿದ. ಎಲೆ ತೆಗೆಯುವವರೆಗೂ ಅಲ್ಲಿ ಯಾರೂ ಮಾತಾಡಲಿಲ್ಲವಂತೆ.

ಕಲ್ಲಾರೆಯ ಬೆಸ್ತರು ಈಗ ನೈಲಾನ್ ದಾರ ತರುತ್ತಾರೆ. ಆದರೂ ವರ್ಷದ ಮೊದಲ ದಾರವನ್ನು ಇಲ್ಲಿಗೆ ತಂದೇ ಅಳೆಯುತ್ತಾರೆ. ನೋಡಲು ಬಂದವರು ಬಂಡೆಗೆ ಬೆನ್ನು ಕೊಟ್ಟು ಕೈ ಚಾಚುತ್ತಾರೆ. ಹೆಚ್ಚಿನವರ ಕೈ ಗೀರು ದಾಟುತ್ತದೆ. ಆಗ ದಂಡೆಯಲ್ಲಿ ಬಲೆ ಒಣಗಿಸುವ ಯಾರಾದರೂ ಅಲ್ಲಿಂದಲೇ ಕೂಗಿ, ಮೊಣಕೈ ಮಡಚಲು ಹೇಳುತ್ತಾರೆ. ಗೀರುಗಳ ನಡುವೆ, ಬೆನ್ನು ತಾಗುವ ಕಡೆ, ಕಲ್ಲು ನುಣುಪಾಗಿ ಹೊಳೆಯುತ್ತದೆ.