ಕುದುರೆಯ ತಲೆ ತಿರುಗಿದತ್ತ

ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರನ್ನು ಚೀನಾದ ಒಂದು ಸೀಮೆಯಲ್ಲಿ ‘ಕುದುರೆಯ ತಲೆ ನೋಡಿ ನಡೆಯುವವರು’ ಎನ್ನುತ್ತಿದ್ದರು. ಅದು ಹೊಗಳಿಕೆಯೆಂದೇ ನಂಬಿ ಬೆಳೆದವಳು ಯೂಲಾನ್.

ಅವಳು ತೊಟ್ಟಿಲಲ್ಲಿದ್ದಾಗ ದಂಡಿನೊಂದಿಗೆ ಹೋದ ಅಪ್ಪ ತಿರುಗಿ ಬಂದಿರಲಿಲ್ಲ. ಆ ದಂಡಿನ ಸೇನಾಪತಿ ಈಗ ಹೊಳೆದಂಡೆಯಲ್ಲಿ ಗುರುವಾಗಿದ್ದಾನೆಂದು ತಿಳಿದು ಹುಡುಕಿಕೊಂಡು ಬಂದಳು.

“ನನ್ನ ಅಪ್ಪ ಎಲ್ಲಿ, ಗುರುಗಳೇ?”

“ಮೊದಲು ಹೇಳಿದಂತೆ ಕೇಳುವುದನ್ನು ಕಲಿ.”

ಕಲಿತಳು. ಒಂದು ವರ್ಷ ಗುರು ಹಾಕಿದ ಗೆರೆ ದಾಟಲಿಲ್ಲ. ಅಪ್ಪನ ಸುದ್ದಿಗಾಗಿ ಅವಳು ಏನು ಮಾಡಲೂ ತಯಾರಿದ್ದಳು ಪಾಪ.

ಮಂಜು ಕವಿದ ಒಂದು ಬೆಳಗ್ಗೆ ಗುರು ತನ್ನ ಬಿಳಿ ಕುದುರೆಯ ಹಗ್ಗ ಅವಳ ಕೈಗಿತ್ತ. “ದಂಡೆಗುಂಟ ನಡೆಸಿಕೊಂಡು ಬಾ.”

ಇಪ್ಪತ್ತು ಮಾರು ನಡೆಯುವಷ್ಟರಲ್ಲಿ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ಒಬ್ಬಿಬ್ಬರದಲ್ಲ. ಕುದುರೆ ನಿಂತರೆ ಸಪ್ಪಳ ನಿಂತಿತು, ಕುದುರೆ ಎಡಕ್ಕೆ ಹೊರಳಿದರೆ ಅದೂ ಹೊರಳಿತು. ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಒದ್ದೆ ಮರಳಿನ ತುಂಬ ಹೆಜ್ಜೆಗುರುತುಗಳಿದ್ದವು.

ಗುರುವಿನ ಬಳಿಗೆ ಓಡಿದಳು. ಕುದುರೆಯೂ ಬಂತು, ಸಪ್ಪಳವೂ ಬಂತು.

“ಯಾರಿವರು?”

“ನನ್ನ ದಂಡು. ನನ್ನ ಕುದುರೆಯ ತಲೆ ಎತ್ತ ತಿರುಗುತ್ತದೋ ಅತ್ತ ನಡೆಯಿರಿ, ಬೇರೇನೂ ನೋಡಬೇಡಿ ಅಂದಿದ್ದೆ. ಈ ಹೊಳೆ ತುಂಬಿ ಹರಿಯುತ್ತಿತ್ತು. ಕುದುರೆ ಹಾವು ಕಂಡು ಬೆದರಿ, ನನ್ನನ್ನು ಕೆಡವಿ ನೀರಿಗಿಳಿಯಿತು. ಅವರೂ ಇಳಿದರು.”

“ಕೂಗಿ ತಡೆಯಲಿಲ್ಲವೇ?”

“ಗಂಟಲು ಹರಿಯುವಂತೆ ಕೂಗಿದೆ. ಕುದುರೆ ಈಜಿ ದಡ ಸೇರಿತು, ಅವರು ಮುಳುಗಿದರು. ಆ ಕುದುರೆ ಸತ್ತು ಎಷ್ಟೋ ವರ್ಷವಾಯಿತು, ಇದು ಅದರ ಮರಿಯ ಮರಿ. ಅವರಿಗೆ ಅದೂ ತಿಳಿಯದು.”

“ಅಪ್ಪನೂ ಇವರಲ್ಲಿ...”

“ಇದ್ದಾನೆ. ಹಗ್ಗ ಬಿಡು.”

ಬಿಟ್ಟಳು. ಕುದುರೆ ಹೊಳೆಯತ್ತ ತಲೆ ತಿರುಗಿಸಿ ಇಳಿಯತೊಡಗಿತು. ಅವಳ ಎಡಬಲದಿಂದ ಹೆಜ್ಜೆಗಳು ನೀರಿಗಿಳಿದವು.

“ನೀನೂ ನಡೆ,” ಎಂದ ಗುರು. “ಅಪ್ಪ ಸಿಗುತ್ತಾನೆ.”

ಯೂಲಾನ್ ನಡೆದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಅಪ್ಪನನ್ನು ಒಮ್ಮೆಯಾದರೂ ಮುಟ್ಟಬೇಕೆಂದು ಜೀವ ಹಾತೊರೆಯುತ್ತಿತ್ತು.

“ನಡೆ.”

ಅವಳು ನಿಂತುಬಿಟ್ಟಳು.

“ಇಲ್ಲ ಗುರುಗಳೇ, ನಾನು ಹೋಗುವುದಿಲ್ಲ. ಅಪ್ಪಾ, ನೀನೂ ಹೋಗಬೇಡ.”

ಕುದುರೆ ಮುಂದೆ ಹೋಗುತ್ತಲೇ ಇತ್ತು. ಆದರೆ ಅವಳ ಪಕ್ಕದಲ್ಲೇ ಒಬ್ಬನ ಹೆಜ್ಜೆ ನಿಂತಿತು. ನೀರು ಕಲಕಿತು. ಒದ್ದೆಯಾದ, ತಣ್ಣನೆಯ ಕೈಯೊಂದು ಅವಳ ನೆತ್ತಿಯ ಮೇಲೆ ಕ್ಷಣ ಹೊತ್ತು ಕೂತು ಹೋಯಿತು. ಬಳಿಕ ಆ ಹೆಜ್ಜೆ ಹಿಂದಕ್ಕೆ ತಿರುಗಿ, ದಡ ಹತ್ತಿ, ಊರಿನ ದಾರಿ ಹಿಡಿಯಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು.

ಯೂಲಾನ್ ಅಳುತ್ತ ದಡಕ್ಕೆ ಬಂದಳು. ಗುರುವಿನ ಗಡ್ಡವೂ ಕಣ್ಣೀರಿನಿಂದ ತೊಯ್ದಿತ್ತು.

“ನಾನು ನಿಲ್ಲದೆ ಹೋಗಿದ್ದರೆ?”

“ನಿನಗಿಂತ ಮುಂಚೆ ಒಂಬತ್ತು ಮಂದಿ ಶಿಷ್ಯರಿದ್ದರು, ಮಗಳೇ. ಮೀರಿ ನಿಂತು ಇವರನ್ನು ತಡೆಯುವವರೊಬ್ಬರಿಗಾಗಿ ಕಾದೆ, ಒಬ್ಬರೂ ನನ್ನ ಮಾತು ಮೀರಲಿಲ್ಲ. ಇವತ್ತು ನೀನು ಕೇಳಿದ ಸಪ್ಪಳದಲ್ಲಿ ಅವರದೂ ಇತ್ತು.”