ಎಡಗಡೆಯ ರವೆ

ಮರುಳಪ್ಪ ಎಂಬ ಶಿಷ್ಯ ಮೊಬೈಲ್ ಹಿಡಿದುಕೊಂಡು ಬಂದು ಗುರುಗಳನ್ನು ಕೇಳಿದ: "ಬುದ್ಧಿ, ಇದು ಪೂರ್ತಿ ಹಣ ಕೊಟ್ಟು ಕೊಂಡದ್ದು. ಬ್ಯಾಟರಿ ಹೋಗಿದೆ. ನಾನೇ ಬಿಚ್ಚಿ ಹೊಸದು ಹಾಕೋಣವೆಂದರೆ, ಬೇರೆ ಕೈ ಮುಟ್ಟಬಾರದು ಎನ್ನುತ್ತಾರೆ ಕಂಪನಿಯವರು. ಹಾಗಾದರೆ ಇದು ನನ್ನದೋ, ಅವರದೋ?"

ಗುರುಗಳು ನಕ್ಕರು. "ಕೂತುಕೊಳ್ಳಯ್ಯ, ಒಂದು ಕತೆ ಕೇಳು.

"ಒಂದೂರಿನಲ್ಲಿ ಒಬ್ಬ ಮೃದಂಗದವನಿದ್ದ. ಮೃದಂಗದ ಎಡಗಡೆಗೆ ಕಲಸಿದ ರವೆ ಮೆತ್ತದಿದ್ದರೆ ಅದು ಗುಂ ಎನ್ನುವುದಿಲ್ಲ. ನುಡಿಸುವ ಮುಂಚೆ ಮೆತ್ತಬೇಕು, ಆಮೇಲೆ ಕೆರೆದು ತೆಗೆಯಬೇಕು. ಹತ್ತು ವರ್ಷದವನಿದ್ದಾಗಿನಿಂದ ಅವನು ಇದನ್ನು ಮಾಡಿದವನೇ. ಒಮ್ಮೆ ಪೇಟೆಯ ವ್ಯಾಪಾರಿಯಿಂದ ಹೊಸ ಮೃದಂಗ ಕೊಂಡ. 'ನನ್ನ ಅಂಗಡಿಯ ರವೆಯೇ ಆಗಬೇಕು, ನನ್ನ ಆಳೇ ಬಂದು ಮೆತ್ತಬೇಕು. ಬೇರೆ ಕೈ ಮುಟ್ಟಿದರೆ ಆಮೇಲೆ ನನ್ನನ್ನು ಕೇಳಬೇಡ' ಎಂದ ವ್ಯಾಪಾರಿ. ಇವನು ಹೂಂ ಎಂದುಬಿಟ್ಟ. ಎಂಥ ಪುಣ್ಯಾತ್ಮ ನೋಡು!

"ಅವನ ಮಗಳು ಮೊದಲ ಸಲ ಸಭೆಯಲ್ಲಿ ಹಾಡುವ ದಿನ ಬಂತು. ಅಪ್ಪನೇ ನುಡಿಸಬೇಕೆಂದು ಅವಳ ಹಟ. ಅಪ್ಪನಿಗಂತೂ ಅದು ಜನ್ಮದ ಆಸೆ. ಜನ ಸೇರಿದರು, ಶ್ರುತಿ ಹಿಡಿದಾಯಿತು, ಆಳಿನ ಸುಳಿವೇ ಇಲ್ಲ. ಎಡಗಡೆ ಬಡಿದರೆ ಖಾಲಿ ಡಬ್ಬದ ಸದ್ದು. ಪಾಪ, ಅವನ ಕಣ್ಣಲ್ಲಿ ನೀರು ಬಂತು.

"ಮಗಳು ಬಗ್ಗಿ ಕೇಳಿದಳು: 'ಯಾಕಪ್ಪಾ?'

"'ರವೆ ಮೆತ್ತುವವನು ಬಂದಿಲ್ಲ ಕಣಮ್ಮಾ.'

"'ಅಯ್ಯೋ ಅಪ್ಪಾ! ಒಳಗೆ ಕೇಸರಿಬಾತಿಗೆ ತಂದ ರವೆ ಚೀಲಗಟ್ಟಲೆ ಬಿದ್ದಿದೆಯಲ್ಲ!'

"ಅವಳೇ ಎದ್ದು ಹೋಗಿ ಅಡುಗೆಯವರಿಂದ ಒಂದು ಹಿಡಿ ತಂದಳು. ಅವನು ಅಂಜುತ್ತಂಜುತ್ತಲೇ ಕಲಸಿದ, ಮೆತ್ತಿದ, ಬಡಿದ. ಗುಂ! ಸಭೆಯೇ ಆಹಾ ಎಂದಿತು. ಇನ್ನು ಅವನನ್ನು ಹಿಡಿಯುವವರುಂಟೆ? ಮಗಳು ನಗುನಗುತ್ತಲೇ ಹಾಡಿದಳು. ಅಪ್ಪನಿಗೆ ಆದ ಆನಂದ ಅಷ್ಟಿಷ್ಟಲ್ಲ. ಕೊನೆಗೆ ಏದುಸಿರು ಬಿಡುತ್ತ ಬಂದ ವ್ಯಾಪಾರಿಯ ಆಳು, ಬಂದ ಕೆಲಸ ಮರೆತು, ಬಾಗಿಲಲ್ಲೇ ನಿಂತು ತಾಳ ಹಾಕತೊಡಗಿದ."

ಮರುಳಪ್ಪನೂ ಜೋರಾಗಿ ನಕ್ಕ. ಆದರೂ ಅಳುಕು ಪೂರ್ತಿ ಹೋಗಿರಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ತಿರುಗಿಸಿ ನೋಡುತ್ತ ಕೇಳಿದ: "ಅಲ್ಲ ಬುದ್ಧಿ, ಒಂದು ವೇಳೆ ಆ ರವೆಯಿಂದ ಮೃದಂಗ ಹಾಳಾಗಿದ್ದರೆ?"

ಗುರುಗಳು ಹೇಳಿದರು: "ಹಾಳಾಗಿದ್ದರೆ ಯಾರ ಮೃದಂಗ ಹಾಳಾಗುತ್ತಿತ್ತಯ್ಯಾ?"